ಎರಡನೆಯ ಸಲ ಕೇಳಿದ ಮೇಲೆ



ಮನೆತನದಲ್ಲಿ ಹಿರಿಯರೆನಿಸಿಕೊಂಡವರಿಗೆ ಬುದ್ಧಿ ಹೇಳುವ ಕಾಯಕ ತಾನಾಗಿಯೇ ಒದಗಿ ಬರುತ್ತದೆ. ಮಗನು ಓದುತ್ತಿಲ್ಲ, ಅಣ್ಣತಮ್ಮಂದಿರಲ್ಲಿ ಮಾತಿಲ್ಲ, ಮಗಳು ಹಟ ಹಿಡಿದಿದ್ದಾಳೆ ಎಂದು ನಮ್ಮಂಥವರನ್ನು ಕರೆಯಿಸುತ್ತಾರೆ. ನಾವೂ ಹೋಗುತ್ತೇವೆ. ಚಹಾ ಕುಡಿದು, ನಾಲ್ಕು ಮಾತು ಹೇಳಿ, ಕೃತಾರ್ಥರಾದೆವೆಂಬ ಭಾವದಿಂದ ಹಿಂದಿರುಗುತ್ತೇವೆ. ಆಡಿದ ಮಾತು ಯಾರ ಎದೆಯಲ್ಲಿ ಬೇರೂರಿತು, ಯಾರ ಎದೆಯಲ್ಲಿ ಗಾಯ ಮಾಡಿತು ಎಂದು ಹಿಂತಿರುಗಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಕಳೆದ ಶ್ರಾವಣದಲ್ಲಿ ಬುದ್ಧಿ ಹೇಳಲು ಹೋಗಿ ಬುದ್ಧಿ ಕಲಿತು ಬಂದ ಒಂದು ಪ್ರಸಂಗವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ವಿಷಯ ಗಿಟಾರ್ ವಾದನ. ನಮ್ಮ ವಯಸ್ಸಿಗೂ ನಮ್ಮ ಶಿಕ್ಷಣಕ್ಕೂ ಇದು ದೂರದ ವಿಷಯವೆಂದು ನಿಮಗೆ ತೋರಬಹುದು. ನಮಗೂ ಹಾಗೆಯೇ ತೋರಿತ್ತು.

ಧಾರವಾಡದಲ್ಲಿ ನಮ್ಮ ಪೂರ್ವಜರ ಮನೆಯಿದೆ. ಅಲ್ಲಿ ಈಗ ನಮ್ಮ ದಿವಂಗತ ತಮ್ಮನ ಮಗ, ಸೊಸೆ ಮತ್ತು ಮೊಮ್ಮಗ ವಾಸವಾಗಿದ್ದಾರೆ. ಮೊಮ್ಮಗನಿಗೆ ಹದಿನೆಂಟು ವರ್ಷ. ಕಾಲೇಜಿನ ಮೊದಲ ವರ್ಷದಲ್ಲಿದ್ದಾನೆ. ಒಂದು ದಿನ ಸೊಸೆ ದೂರವಾಣಿಯಲ್ಲಿ ಹೇಳಿದಳು: "ದೊಡ್ಡ ಮಾವನವರೇ, ನೀವು ಬಂದು ಸ್ವಲ್ಪ ತಿಳಿಸಿ ಹೇಳಬೇಕ್ರಿ. ಸಂಜೆ ಆತಂದ್ರ ಬಾಗಿಲಾ ಹಾಕ್ಕೊಂಡು ಗಿಟಾರ್ ಹಿಡ್ಕೊಂಡು ಕೂಡತಾನ. ಇಲ್ಲಂದ್ರ ಕಿವಿಗೆ ಅದೇನೋ ಹಾಕ್ಕೊಂಡು ಕೇಳಕೋತ ಕೂಡತಾನ. ಹಾಡಂದ್ರ ಹಾಡೂ ಅಲ್ಲ. ಇವರಂತೂ ಅದನ್ನ ಅಟ್ಟದ ಮ್ಯಾಲೆ ಒಗೀತೀನಂತ ಸಿಟ್ಟು ಮಾಡ್ಯಾರ."

'ಅಟ್ಟದ ಮೇಲೆ' ಎಂಬ ಮಾತು ಆ ಗಳಿಗೆಯಲ್ಲಿ ನಮ್ಮನ್ನು ತಾಕಲಿಲ್ಲ. ಮುಂದೆ ಏಕೆ ತಾಕಿತೆಂಬುದನ್ನು ಯಥಾಸ್ಥಾನದಲ್ಲಿ ಹೇಳುತ್ತೇವೆ.

ಮೊದಲನೆಯ ಶ್ರವಣ

ಸಂಗೀತವೆಂದರೆ ಸಾಹಿತ್ಯಕ್ಕೆ ತೊಡಿಸಿದ ವಸ್ತ್ರ ಎಂಬುದು ನಮ್ಮ ಬಹುಕಾಲದ ನಿಲುವಾಗಿತ್ತು. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಶಬ್ದವೇ ಸಂಪತ್ತು. ಅರ್ಥವಿಲ್ಲದ ಧ್ವನಿ ಎಷ್ಟು ಇಂಪಾಗಿದ್ದರೂ ಕ್ಷಣಿಕವೆಂದು ನಂಬಿದ್ದೆವು. ಈ ನಂಬಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಧಾರವಾಡಕ್ಕೆ ಹೋದೆವು.

ಹುಡುಗನು ನಮಸ್ಕರಿಸಿ ಎದುರಿಗೆ ಕುಳಿತನು. "ನೀನು ಕೇಳುವುದೇನು, ನಮಗೂ ಕೇಳಿಸು" ಎಂದೆವು. ಅವನು ಕೈಯಲ್ಲಿದ್ದ ಮೊಬೈಲನ್ನು ನಮ್ಮ ಮುಂದೆ ಇಟ್ಟು ಒಂದು ವಾದನವನ್ನು ಹಚ್ಚಿದನು. ಮೂರು ನಿಮಿಷ ತಂತಿಗಳ ಕಿಣಿಕಿಣಿ ಕೇಳಿಸಿತು. ಹಾಡುವವರಿಲ್ಲ, ತಬಲೆಯಿಲ್ಲ, ಎಲ್ಲಿ ಆರಂಭ ಎಲ್ಲಿ ಮುಕ್ತಾಯ ತಿಳಿಯಲಿಲ್ಲ. ಮುಗಿದ ಮೇಲೆ ನಾವು ನಮ್ಮ ತೀರ್ಪನ್ನು ಕೊಟ್ಟೆವು: "ತಮ್ಮಾ, ಇದರಲ್ಲಿ ಸಾಹಿತ್ಯವೇ ಇಲ್ಲ. ಸಾಹಿತ್ಯವಿಲ್ಲದ ಮೇಲೆ ಮನಸ್ಸು ಹಿಡಿದುಕೊಳ್ಳುವುದಾದರೂ ಏನನ್ನು?"

ಹುಡುಗನು ವಾದಕ್ಕೆ ನಿಲ್ಲಲಿಲ್ಲ. ತಲೆ ತಗ್ಗಿಸಿ ಇಷ್ಟು ಮಾತ್ರ ಹೇಳಿದನು: "ಅಜ್ಜಾ, ಇನ್ನೊಂದ್ ಸಲ ಕೇಳ್ರಿ. ಆಮ್ಯಾಲೆ ಬೈರಿ. ಇದನ್ನ ಬಾರಿಸಿದವನೂ ಮೊದಲನೇ ಸಲ ಕೇಳಿದಾಗ ಹಿಂಗs ಅಂದಿದ್ದ."

ಯಾರು ಅವನು, ಏನನ್ನು ಕೇಳಿದ್ದ ಎಂದು ವಿಚಾರಿಸಿದೆವು. ಆಗ ಅವನು ಹೇಳಿದ ವೃತ್ತಾಂತವನ್ನೂ, ಮುಂದೆ ನಾವೇ ಓದಿ ತಿಳಿದುಕೊಂಡ ಸಂಗತಿಗಳನ್ನೂ ಕೂಡಿಸಿ ಇಲ್ಲಿ ನಿರೂಪಿಸುತ್ತೇವೆ.

ಒಂದು ಹಳೆಯ ರೆಕಾರ್ಡು

ಆ ವಾದಕನ ಹೆಸರು ಜಾನ್ ಫೇಹಿ. 1939ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಜನಿಸಿ, ಪಕ್ಕದ ಮೇರಿಲ್ಯಾಂಡ್ ರಾಜ್ಯದ ಟಕೋಮಾ ಪಾರ್ಕ್ ಎಂಬ ಊರಿನಲ್ಲಿ ಬೆಳೆದವನು. ಅಂದಿನ ಅಮೆರಿಕದಲ್ಲಿ ಬಿಳಿಯರೂ ಕರಿಯರೂ ಬೇರೆ ಬೇರೆ ಕೇರಿಗಳಲ್ಲಿ ಬಾಳುತ್ತಿದ್ದರು. ಬಿಳಿಯ ಹುಡುಗನಾದ ಫೇಹಿಗೆ ಕರಿಯರ ಸಂಗೀತವೆಂದರೆ ಆಗುತ್ತಿರಲಿಲ್ಲ. ಇದನ್ನು ಅವನೇ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಹಳೆಯ 78ರ ವೇಗದ ರೆಕಾರ್ಡುಗಳನ್ನು ಹುಡುಕಿ ಕೂಡಿಡುವ ಹವ್ಯಾಸ ಅವನಿಗಿತ್ತು. ಹಾಗೆ ಹುಡುಕುತ್ತಿದ್ದಾಗ ಒಮ್ಮೆ ಜೊತೆಗಾರನಾದ ಸ್ಪಾಟ್ಸ್‌ವುಡ್ ಎಂಬವನು ಬ್ಲೈಂಡ್ ವಿಲಿ ಜಾನ್ಸನ್ ಎಂಬ ಕರಿಯ ಗಾಯಕನ ದೇವಸ್ತುತಿಯ ರೆಕಾರ್ಡೊಂದನ್ನು ಹಚ್ಚಿದನು. ಫೇಹಿಗೆ ಅದನ್ನು ಕೇಳಿ ಹೊಟ್ಟೆ ತೊಳಸಿದಂತಾಯಿತು. ತೆಗೆ ಎಂದನು, ತೆಗೆದರು. ಆದರೆ ಆ ಸ್ವರ ತಲೆಯೊಳಗಿಂದ ಹೋಗಲಿಲ್ಲ. ಮತ್ತೊಮ್ಮೆ ಹಚ್ಚಲು ತಾನೇ ಕೇಳಿಕೊಂಡನು. ಎರಡನೆಯ ಸಲ ಕೇಳಿದಾಗ ಕಣ್ಣೀರು ಸುರಿಯಿತು. ಅದನ್ನು ಒಂದು ಬಗೆಯ ಮತಾಂತರವೆಂದೇ ಅವನು ಮುಂದೆ ಬಣ್ಣಿಸಿದನು.

ಬಂಧುಗಳೆ, ರೆಕಾರ್ಡು ಅದೇ, ಕಿವಿ ಅದೇ. ಬದಲಾದದ್ದು ಕಿವಿಗೂ ಮನಸ್ಸಿಗೂ ನಡುವೆ ಇದ್ದ ಗೋಡೆ. ಇಂಥವರ ಹಾಡು ಇಷ್ಟೇ ಎಂದು ಮೊದಲೇ ತೀರ್ಮಾನಿಸಿದ್ದ ಮನಸ್ಸು ಮೊದಲನೆಯ ಸಲ ಕೇಳಿಸಿಕೊಳ್ಳಲೇ ಇಲ್ಲ. ಎರಡನೆಯ ಸಲ ಆ ತೀರ್ಮಾನಕ್ಕೆ ದಣಿವಾಗಿತ್ತು. ಆಗ ಹಾಡು ಒಳಗೆ ಬಂದಿತು.

ಆ ಬ್ಲೈಂಡ್ ವಿಲಿ ಜಾನ್ಸನ್ನನ ಬಾಳೂ ತಿಳಿಯತಕ್ಕದ್ದು. ಟೆಕ್ಸಾಸಿನಲ್ಲಿ 1897ರಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡನು. ಬೀದಿಯ ಮೂಲೆಗಳಲ್ಲಿ ನಿಂತು ದೇವರ ಹಾಡುಗಳನ್ನು ಹಾಡುತ್ತಿದ್ದನು. 1927ರಿಂದ 1930ರವರೆಗೆ ಅವನ ಮೂವತ್ತು ಹಾಡುಗಳು ರೆಕಾರ್ಡಾದವು. ಕೊನೆಗಾಲದಲ್ಲಿ ಮನೆ ಸುಟ್ಟುಹೋಗಿ, ಆ ಅವಶೇಷದಲ್ಲಿಯೇ ಮಲಗಿ, ಜ್ವರ ಬಂದು 1945ರಲ್ಲಿ ತೀರಿಕೊಂಡನು. ನಮ್ಮ ನಾಡಿನ ಅಂಧ ಬಾಲಕರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಿತ್ತು. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅನ್ನ, ವಿದ್ಯೆ, ಸ್ವರಗಳನ್ನಿತ್ತು ಸಲಹಿದರು. ಆ ಟೆಕ್ಸಾಸಿನ ಅಂಧನಿಗೆ ಅಂಥ ನೆರಳು ದೊರೆಯಲಿಲ್ಲ. ಅವನಿಗಿದ್ದದ್ದು ಬೀದಿ, ಗಿಟಾರು ಮತ್ತು ಕಂಠ ಮಾತ್ರ.

ಫೇಹಿ ಮಾಡಿದ್ದೇನು?

ಫೇಹಿಗೆ ಹಾಡುವ ಕಂಠವಿರಲಿಲ್ಲ.  ಹಾಡಿನ ಹಿನ್ನೆಲೆಗೆಂದು ಇದ್ದ ಗಿಟಾರನ್ನೇ ಮುಂದೆ ತಂದು ಕೂರಿಸಿದನು. ಅಂದಿನವರೆಗೆ ಉಕ್ಕಿನ ತಂತಿಯ ಗಿಟಾರ್ ಎಂದರೆ ಹಾಡಿಗೆ ಊರುಗೋಲು ಎಂಬ ಭಾವನೆಯೇ ಹೆಚ್ಚಾಗಿತ್ತು. ಸಭೆಯಲ್ಲಿ ಕುಳಿತು ಒಬ್ಬನೇ ಗಂಟೆಗಟ್ಟಲೆ ಅದೊಂದನ್ನೇ ನುಡಿಸಬಹುದು, ಜನ ಕುಳಿತು ಕೇಳಬಹುದು ಎಂಬ ಮಾರ್ಗವನ್ನು ತೆರೆದವರಲ್ಲಿ ಅವನು ಮುಖ್ಯನು.

1959ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಪೆಟ್ರೋಲ್ ಬಂಕಿನಲ್ಲಿ ದುಡಿದ ಹಣಕ್ಕೆ ಒಬ್ಬ ಪಾದ್ರಿಯಿಂದ ಪಡೆದ ಸಾಲವನ್ನು ಕೂಡಿಸಿ ತನ್ನ ಮೊದಲ ರೆಕಾರ್ಡನ್ನು ತಾನೇ ಅಚ್ಚು ಹಾಕಿಸಿದನು. ಅಚ್ಚಾದದ್ದು ಸುಮಾರು 100 ಪ್ರತಿಗಳು. ಒಂದು ಬದಿಯಲ್ಲಿ ತನ್ನ ಹೆಸರು. ಇನ್ನೊಂದು ಬದಿಯಲ್ಲಿ 'ಬ್ಲೈಂಡ್ ಜೋ ಡೆತ್' ಎಂಬ, ಲೋಕದಲ್ಲಿ ಇಲ್ಲದ ಒಬ್ಬ ಮುದಿ ಅಂಧ ವಾದಕನ ಹೆಸರು. ಹಳೆಯ ಸಾಮಾನು ಮಾರುವ ಅಂಗಡಿಗಳ ರೆಕಾರ್ಡಿನ ರಾಶಿಯಲ್ಲಿ ಕೆಲವು ಪ್ರತಿಗಳನ್ನು ತಾನೇ ಗುಟ್ಟಾಗಿ ಸೇರಿಸಿ ಬರುತ್ತಿದ್ದನಂತೆ. ಕೊಳ್ಳುವವರಿಲ್ಲದ ಆ ರೆಕಾರ್ಡನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 2010ನೇ ಸಾಲಿನಲ್ಲಿ ಶಾಶ್ವತವಾಗಿ ಕಾಪಾಡತಕ್ಕ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ತಾನು ಕಲಿತ ಮೂಲವನ್ನು ಫೇಹಿ ಮರೆಯಲಿಲ್ಲ ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಬುಕ್ಕಾ ವೈಟ್ ಎಂಬ ಹಳೆಯ ಕರಿಯ ಗಾಯಕನ ಹಾಡೊಂದರಲ್ಲಿ ಮಿಸಿಸಿಪ್ಪಿಯ ಅಬರ್ಡೀನ್ ಎಂಬ ಊರಿನ ಹೆಸರಿತ್ತು. ಆತ ಬದುಕಿದ್ದಾನೋ ಇಲ್ಲವೋ ತಿಳಿಯದು. 1963ರಲ್ಲಿ ಫೇಹಿ ಮತ್ತು ಅವನ ಗೆಳೆಯ ಸೇರಿ, ಹಳೆಯ ಬ್ಲೂಸ್ ಗಾಯಕನೆಂದು ವಿಳಾಸ ಬರೆದು, ಆ ಊರಿನ ಅಂಚೆ ಕಚೇರಿಗೆ ಒಂದು ಕಾಗದ ಹಾಕಿದರು. ಕಾಗದ ಕೈಯಿಂದ ಕೈಗೆ ದಾಟಿ, ಮೆಂಫಿಸ್ ನಗರದ ಕಾರ್ಖಾನೆಯಲ್ಲಿ ಕೂಲಿಮಾಡುತ್ತಿದ್ದ ಆ ಗಾಯಕನನ್ನು ಮುಟ್ಟಿತು! ಮರುವರ್ಷ ಸ್ಕಿಪ್ ಜೇಮ್ಸ್ ಎಂಬ ಇನ್ನೊಬ್ಬ ಮರೆತುಹೋದ ಕಲಾವಿದನನ್ನು ಒಂದು ಆಸ್ಪತ್ರೆಯಲ್ಲಿ ಪತ್ತೆಹಚ್ಚಿದವರಲ್ಲಿಯೂ ಫೇಹಿ ಇದ್ದನು. ಚಾರ್ಲಿ ಪ್ಯಾಟನ್ ಎಂಬ ಗಾಯಕನ ಕುರಿತು ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದು ಪದವಿಯನ್ನೂ ಪಡೆದನು. ಒಮ್ಮೆ ತೆಗೆ ಎಂದು ತಳ್ಳಿದವರ ಋಣವನ್ನು ಹೀಗೆ ತೀರಿಸಿದನು.

ಅವನ ಜೀವನ ಸುಖದ ಹಾಸಿಗೆಯಾಗಿರಲಿಲ್ಲ. ಕುಡಿತ, ಅನಾರೋಗ್ಯ, ಮುರಿದ ಸಂಸಾರ ಇವುಗಳಿಂದ ಬಡತನಕ್ಕೆ ಬಿದ್ದು, ಆರೆಗನ್ ರಾಜ್ಯದ ಸೇಲಂ ಎಂಬ ಊರಿನಲ್ಲಿ ನಿರ್ಗತಿಕರ ಆಶ್ರಯದಲ್ಲಿಯೂ ಅಗ್ಗದ ವಸತಿಗೃಹಗಳಲ್ಲಿಯೂ ದಿನ ಕಳೆದನು. ಗಿಟಾರನ್ನು ಒತ್ತೆ ಇಟ್ಟದ್ದೂ ಉಂಟು. ತಂದೆಯಿಂದ ಬಂದ ಆಸ್ತಿಯ ಹಣ ಕೈಗೆ ಸಿಕ್ಕಾಗ, 1996ರಲ್ಲಿ, ಅದನ್ನು ಹಳೆಯ ಸಂಗೀತವನ್ನು ಮತ್ತೆ ಪ್ರಕಟಿಸುವ ಸಂಸ್ಥೆಗೆ ತೊಡಗಿಸಿದನು. 2001ರ ಫೆಬ್ರವರಿ 22ರಂದು, ಅರವತ್ತೆರಡು ತುಂಬಲು ಕೆಲವೇ ದಿನಗಳಿರುವಾಗ, ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ ತೀರಿಕೊಂಡನು. ಅವನ ನಡತೆಯೆಲ್ಲ ಅನುಕರಣೀಯವೆಂದು ನಾವು ಹೇಳುವುದಿಲ್ಲ. ಕೇಳುವುದರಲ್ಲಿ ಅವನು ತೋರಿದ ಪ್ರಾಮಾಣಿಕತೆ ಮಾತ್ರ ದೊಡ್ಡದು.

ಎರಡನೆಯ ಶ್ರವಣ

ಈ ಕಥೆಯನ್ನು ಕೇಳಿದ ಮೇಲೆ ಎರಡನೆಯ ಸಲ ಕೇಳಲಾರೆವು ಎನ್ನುವ ಧೈರ್ಯ ನಮಗಾಗಲಿಲ್ಲ. ಹುಡುಗನು ಈ ಸಲ ನಮ್ಮ ಕಿವಿಗಳ ಮೇಲೆ ತನ್ನ ಹೆಡ್‌ಫೋನನ್ನು ಇಟ್ಟನು. ಅದೇ ವಾದನ. ಫೇಹಿ ಬೆಳೆದ ಊರಿನ ಬದಿಯಲ್ಲಿ ಹರಿಯುವ ಸ್ಲೈಗೋ ಎಂಬ ಹಳ್ಳದ ಹೆಸರನ್ನು ಹೊತ್ತ, ಅವನ ಮೊದಲ ರೆಕಾರ್ಡಿನಲ್ಲಿರುವ ರಚನೆ.

ಮೊದಲ ಸಲ ಕೇಳಿಸದೇ ಇದ್ದ ಒಂದು ಸಂಗತಿ ಈಗ ಸ್ಪಷ್ಟವಾಯಿತು. ಕೆಳಗಿನ ದಪ್ಪ ತಂತಿಗಳಲ್ಲಿ ಒಂದು ನಡಿಗೆ ಇತ್ತು. ಗಿಟಾರಿನ ಅತಿ ಮಂದ್ರ ತಂತಿ ಕ್ಷಣವೊಂದಕ್ಕೆ ಸುಮಾರು 82 ಸಲ ಕಂಪಿಸುತ್ತದೆ. ಮೊಬೈಲಿನ ಚಿಕ್ಕ ಬಾಯಿಗೆ ಅಷ್ಟು ಕೆಳಗಿನ ಧ್ವನಿಯನ್ನು ಹೊರಗೆಡಹುವ ಶಕ್ತಿಯಿಲ್ಲ. ನಾವು ಮೊದಲು ಕೇಳಿದ್ದು ಬೇರಿಲ್ಲದ ಮರದ ಎಲೆಗಳ ಸಪ್ಪಳವನ್ನು ಮಾತ್ರ. ತಪ್ಪಿನಲ್ಲಿ ಅರ್ಧ ಯಂತ್ರದ್ದು. ಉಳಿದರ್ಧ ನಮ್ಮದು.

ಈ ವಾದನದ ಕ್ರಮವನ್ನು ಹುಡುಗನು ತನ್ನ ಗಿಟಾರಿನ ಮೇಲೆ ತೋರಿಸಿಕೊಟ್ಟನು. ಬಲಗೈಯ ಹೆಬ್ಬೆರಳು ಮಂದ್ರದ ತಂತಿಗಳ ನಡುವೆ ಅತ್ತ ಒಮ್ಮೆ ಇತ್ತ ಒಮ್ಮೆ ಹೆಜ್ಜೆ ಹಾಕುತ್ತದೆ; ಏನೇ ಆದರೂ ಅದು ನಿಲ್ಲುವಂತಿಲ್ಲ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ರಾಗವನ್ನು ನುಡಿಸುತ್ತವೆ. ರಾಗದ ಸ್ವರಗಳು ಹೆಬ್ಬೆರಳಿನ ಪೆಟ್ಟಿಗೆ ಸರಿಯಾಗಿ ಬೀಳುವುದಿಲ್ಲ. ಒಮ್ಮೆ ತುಸು ಮುಂಚೆ, ಒಮ್ಮೆ ತುಸು ತಡೆದು ಬರುತ್ತವೆ. ಬಂಡಿಯ ಗಾಲಿ ಒಂದೇ ಸಮನೆ ಉರುಳುತ್ತಿರಲು, ಮೇಲೆ ಕುಳಿತ ಬಾಲಕನು ತನ್ನಷ್ಟಕ್ಕೆ ಸಿಳ್ಳು ಹಾಕುತ್ತಿರುವಂತೆ. ಎರಡನ್ನೂ ನಡೆಸುವುದು ಒಂದೇ ಕೈ. ಕಣ್ಣು ಮುಚ್ಚಿದರೆ ಇಬ್ಬರು ನುಡಿಸುತ್ತಿದ್ದಾರೆಂದೇ ಭ್ರಮೆಯಾಗುತ್ತದೆ.

ಇನ್ನೊಂದು ಗುಟ್ಟು ಶ್ರುತಿಯಲ್ಲಿದೆ. ಗಿಟಾರಿನ ಆರು ತಂತಿಗಳಿಗೆ ರೂಢಿಯ ಒಂದು ಶ್ರುತಿಯುಂಟು. ಹೊಸತನ್ನು ಹುಡುಕುವ ವಾದಕರು ಆ ಕ್ರಮವನ್ನು ಬಿಟ್ಟು, ತಂತಿಗಳನ್ನು ಸಡಿಲಿಸಿ ಬೇರೆ ಬೇರೆ ಶ್ರುತಿಗಳಿಗೆ ತರುತ್ತಾರೆ. ಅವುಗಳಲ್ಲಿ ಒಂದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ-ಪ-ಸ-ಗ-ಪ-ಸ ಎಂದಾಗುತ್ತದೆ. ಎಡಗೈ ಮುಟ್ಟದೆ ಮೀಟಿದರೂ ಇಡೀ ವಾದ್ಯ ತಂಬೂರಿಯಂತೆ ತುಂಬಿ ನುಡಿಯುತ್ತದೆ. ಇಂಗ್ಲೆಂಡಿನ ಡೇವಿ ಗ್ರಹಾಂ ಎಂಬ ವಾದಕನು 1960ರ ದಶಕದ ಆರಂಭದಲ್ಲಿ ಮೊರಾಕ್ಕೊ ದೇಶಕ್ಕೆ ಹೋಗಿ, ಅಲ್ಲಿಯ ಊದ್ ವಾದಕರ ಜೊತೆಗೆ ನುಡಿಸಲು ಅನುಕೂಲವಾಗುವಂತೆ ಇದರಲ್ಲಿ ಒಂದೇ ಒಂದು ತಂತಿಯನ್ನು ಬದಲಿಸಿದ ಶ್ರುತಿಯನ್ನು ಬಳಕೆಗೆ ತಂದನು: ಗಾಂಧಾರ ಹೋಗಿ ಮಧ್ಯಮ ಬಂದಿತು, ಸ-ಪ-ಸ-ಮ-ಪ-ಸ. ಪಾಶ್ಚಾತ್ಯ ಸಂಗೀತದಲ್ಲಿ ಹರ್ಷ ವಿಷಾದಗಳನ್ನು ಬಹುಮಟ್ಟಿಗೆ ಗಾಂಧಾರವೇ ನಿರ್ಣಯಿಸುತ್ತದೆ. ಅದನ್ನು ತೆಗೆದುಬಿಟ್ಟರೆ ನಾದ ಹರ್ಷವೂ ಅಲ್ಲ ವಿಷಾದವೂ ಅಲ್ಲ ಎಂಬಂತೆ ನಡುವೆ ನಿಲ್ಲುತ್ತದೆ. ಪಂಚಮವಿಲ್ಲದ ಮಾಲಕಂಸಕ್ಕೆ ನಮ್ಮವರು ತಂಬೂರಿಯನ್ನು ಮಧ್ಯಮಕ್ಕೆ ತಿರುಗಿಸುವುದನ್ನು ಬಲ್ಲವರಿಗೆ, ಒಂದು ತಂತಿಯ ಬದಲಾವಣೆಯಿಂದ ಇಡೀ ಲೋಕವೇ ಬದಲಾಗುವ ಪರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂಬೂರಿಯ ಮಾತು ಬಂದೊಡನೆ ನಮ್ಮ ವಾದ ನಮ್ಮ ಕೊರಳಿಗೇ ಸುತ್ತಿಕೊಂಡಿತು. ತರುಣರಾಗಿದ್ದಾಗ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಗಾಯನಕ್ಕೆ ಎಷ್ಟು ಸಲ ಕುಳಿತಿದ್ದೇವೆ! ಅವರು ಆಕಾರದಲ್ಲಿ ಸ್ವರವನ್ನು ಬೆಳೆಸುತ್ತಿದ್ದಾಗ ಅದರಲ್ಲಿ ಯಾವ ಸಾಹಿತ್ಯವಿತ್ತು? ಬಂದಿಶಿನ ಎರಡು ಸಾಲಿನ ಶಬ್ದಗಳೂ ನಮಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೂ ಮಧ್ಯರಾತ್ರಿಯವರೆಗೆ ಎದ್ದು ಬರಲಾಗದೆ ಕುಳಿತಿರುತ್ತಿದ್ದೆವು. ಅಂದು ಹಿಡಿದು ಕೂರಿಸಿದ ವಸ್ತು ಯಾವುದೋ, ಇಂದು ಈ ಹುಡುಗನನ್ನು ಕೋಣೆಯಲ್ಲಿ ಕೂರಿಸುವ ವಸ್ತುವೂ ಅದೇ. ನಮ್ಮ ರುಚಿಗೆ ಒಂದು ಶಾಸ್ತ್ರ, ಮಕ್ಕಳ ರುಚಿಗೆ ಇನ್ನೊಂದು ಶಾಸ್ತ್ರ ಎಂದರೆ ಅದು ನ್ಯಾಯವೆ?

ಅಡುಗೆಮನೆಯ ಗೋಡೆಯ ಗಿಟಾರು

ಆ ಸಂಜೆ ಹುಡುಗನು ಇನ್ನೊಬ್ಬರ ವಾದನವನ್ನೂ ಕೇಳಿಸಿದನು. ಎಲಿಜಬೆತ್ ಕಾಟನ್ ಎಂಬ ಕರಿಯ ಮಹಿಳೆ, ಉತ್ತರ ಕೆರೊಲಿನಾದವರು. ಬಾಲ್ಯದಲ್ಲಿ ಮನೆಗೆಲಸ ಮಾಡಿ ಕೂಡಿಸಿದ ಹಣದಿಂದ 3 ಡಾಲರ್ 75 ಸೆಂಟಿಗೆ ಒಂದು ಗಿಟಾರು ಕೊಂಡರು. ಎಡಗೈಯವರಾದ್ದರಿಂದ, ಬಲಗೈಯವರಿಗೆ ಕಟ್ಟಿದ ತಂತಿಗಳನ್ನು ಬದಲಿಸದೆ ವಾದ್ಯವನ್ನೇ ತಿರುಗಿಸಿ ಹಿಡಿದರು. ಹೀಗಾಗಿ ಎಲ್ಲರೂ ಹೆಬ್ಬೆರಳಿನಿಂದ ನುಡಿಸುವ ಮಂದ್ರವನ್ನು ಅವರು ಬೆರಳುಗಳಿಂದಲೂ, ಬೆರಳುಗಳಿಂದ ನುಡಿಸುವ ರಾಗವನ್ನು ಹೆಬ್ಬೆರಳಿನಿಂದಲೂ ನುಡಿಸಬೇಕಾಯಿತು. ಕಲಿಸುವವರಿಲ್ಲದ ಕೊರತೆಯೇ ಹೊಸ ಶೈಲಿಯಾಗಿ ಫಲಿಸಿತು.

ಆದರೆ ಹರೆಯದಲ್ಲಿ ಅವರ ಚರ್ಚಿನ ಹಿರಿಯರು, ದೇವರ ಸೇವೆ ಮಾಡುವವಳಿಗೆ ಇಂಥ ಲೌಕಿಕ ವಾದನ ತಕ್ಕದ್ದಲ್ಲವೆಂದು ಬುದ್ಧಿ ಹೇಳಿದರು. ಆಕೆ ಗಿಟಾರನ್ನು ಬಿಟ್ಟರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಹಲವು ದಶಕಗಳ ಕಾಲ ಬಿಟ್ಟರು. ಮದುವೆ, ಮಗಳು, ಮನೆಗೆಲಸ ಇವುಗಳಲ್ಲಿ ವಯಸ್ಸು ಕಳೆಯಿತು. ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ತಾಯಿಯಿಂದ ತಪ್ಪಿಸಿಕೊಂಡು ಅಳುತ್ತಿದ್ದ ಒಂದು ಹುಡುಗಿಯನ್ನು ತಾಯಿಯ ಬಳಿಗೆ ಸೇರಿಸಿದರು. ಆ ಕುಟುಂಬ ಜಾನಪದ ಸಂಗೀತದಲ್ಲಿ ಹೆಸರಾದ ಸೀಗರ್ ಮನೆತನ. ಅವರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿದರು. ಗೋಡೆಯ ಮೇಲೆ ಒಂದು ಗಿಟಾರು ತೂಗುತ್ತಿತ್ತು. ಒಂದು ದಿನ ಅದನ್ನು ಕೈಗೆತ್ತಿಕೊಂಡರು. ಬೆರಳುಗಳು ಮರೆತಿರಲಿಲ್ಲ.

1958ರಲ್ಲಿ, ಅರವತ್ತು ದಾಟಿದ ಮೇಲೆ, ಅವರ ಮೊದಲ ರೆಕಾರ್ಡು ಹೊರಬಂದಿತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ತೊಂಬತ್ತರ ಆಸುಪಾಸಿನಲ್ಲಿದ್ದರು. 1987ರಲ್ಲಿ ತೀರಿಕೊಂಡರು. ಇಂದು ಜಗತ್ತಿನಲ್ಲಿ ಬೆರಳಿನಿಂದ ಗಿಟಾರ್ ನುಡಿಸಲು ಕಲಿಯುವ ಅಸಂಖ್ಯ ಮಕ್ಕಳು ಮೊದಲು ಕಲಿಯುವ ನುಡಿಗಳಲ್ಲಿ ಆ ಅಜ್ಜಿಯದೂ ಒಂದು.

ಹುಡುಗನು ಇದನ್ನು ಸಹಜವಾಗಿ ಹೇಳಿ ಮುಗಿಸಿದನು. ನಮಗೆ ಮಾತ್ರ ಮುಂದೆ ಮಾತು ಹೊರಡಲಿಲ್ಲ. ಯಾಕೆಂದರೆ ಆ ಚರ್ಚಿನ ಹಿರಿಯರ ಜಾಗದಲ್ಲಿ ನಾವೂ ಒಮ್ಮೆ ನಿಂತಿದ್ದೆವು.

ಸುಮಾರು ಐವತ್ತು ವರ್ಷಗಳ ಹಿಂದಿನ ಮಾತು. ನಾವು ಪಾಠಶಾಲೆಯಿಂದ ರಜೆಗೆ ಮನೆಗೆ ಬಂದಿದ್ದೆವು. ನಮ್ಮ ತಮ್ಮ, ಎಂದರೆ ಈ ಹುಡುಗನ ಅಜ್ಜ, ಎಲ್ಲಿಂದಲೋ ಒಂದು ಬುಲ್‌ಬುಲ್ ತರಂಗ್ ತಂದಿದ್ದನು. ಎಡಗೈಯಿಂದ ಗುಂಡಿಗಳನ್ನು ಒತ್ತುತ್ತ ಬಲಗೈಯಿಂದ ತಂತಿ ಮೀಟುವ ಆ ಅಗ್ಗದ ವಾದ್ಯವನ್ನು ನಮ್ಮ ಕಡೆಯ ಹಿರಿಯರೆಲ್ಲ ಕಂಡಿದ್ದೀರಿ. ಅವನು ಯಾವ ಹಾಡನ್ನೂ ನುಡಿಸುತ್ತಿರಲಿಲ್ಲ. ತನಗೆ ತೋಚಿದ್ದನ್ನು ಗಂಟೆಗಟ್ಟಲೆ ಹೆಣೆಯುತ್ತ ಕೂಡುತ್ತಿದ್ದನು. ನಾಲ್ಕಕ್ಷರ ಸಂಸ್ಕೃತ ಕಲಿತ ಗರ್ವ ನಮ್ಮ ನೆತ್ತಿಗೇರಿತ್ತು. ಮನೆಯವರೆಲ್ಲರ ಮುಂದೆ, "ಅರ್ಥವಿಲ್ಲದ ನಾದ ಕಪ್ಪೆಯ ಕೂಗಿಗಿಂತ ಹೆಚ್ಚೇನಲ್ಲ" ಎಂದುಬಿಟ್ಟೆವು. ಎಲ್ಲರೂ ನಕ್ಕರು. ಅವನೂ ನಕ್ಕನು. ಮರುದಿನ ಆ ವಾದ್ಯ ಅಟ್ಟಕ್ಕೆ ಹೋಯಿತು. ಮತ್ತೆಂದೂ ಅವನು ಅದನ್ನು ಇಳಿಸಲಿಲ್ಲ. ಆರು ವರ್ಷಗಳ ಹಿಂದೆ ಅವನು ತೀರಿಕೊಂಡನು. ಅವನಿದ್ದಾಗ ಒಮ್ಮೆಯೂ, 'ತಮ್ಮಾ, ಅಂದು ತಪ್ಪಿದೆವು, ಇನ್ನೊಮ್ಮೆ ಬಾರಿಸು' ಎಂದು ನಾವು ಕೇಳಲಿಲ್ಲ. ಕೇಳಬೇಕೆಂದು ತೋಚಿದ್ದರಲ್ಲವೆ!

ನಾದಕ್ಕೆ ಗಡಿಯಿಲ್ಲ

ನಮ್ಮ ನಾಡಿನವರಿಗೂ ಗಿಟಾರು ಹೊರಗಿನದಾಗಿ ಉಳಿದಿಲ್ಲ. ಬ್ರಿಜ್ ಭೂಷಣ್ ಕಾಬ್ರಾ ಅವರು ಅದನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸಲಾಕೆಯನ್ನು ಜಾರಿಸುತ್ತ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಅವರು ನುಡಿಸಿದ 'ಕಾಲ್ ಆಫ್ ದಿ ವ್ಯಾಲಿ' ಎಂಬ ರೆಕಾರ್ಡು ಅನೇಕ ಮನೆಗಳಲ್ಲಿ ಇತ್ತು. ವಿಶ್ವಮೋಹನ ಭಟ್ಟರು ಗಿಟಾರಿಗೆ ತರಪಿನ ತಂತಿಗಳನ್ನು ಸೇರಿಸಿ ಮೋಹನವೀಣೆಯನ್ನು ರೂಪಿಸಿದರು. ಅವರು ಅಮೆರಿಕದ ರೈ ಕೂಡರ್ ಎಂಬ ಗಿಟಾರ್ ವಾದಕರೊಡನೆ ಕ್ಯಾಲಿಫೋರ್ನಿಯಾದ ಒಂದು ಪ್ರಾರ್ಥನಾಮಂದಿರದಲ್ಲಿ, ಪರಿಚಯವಾದ ಸ್ವಲ್ಪ ಹೊತ್ತಿನಲ್ಲಿಯೇ, ಕುಳಿತು ನುಡಿಸಿದ ವಾದನ 1993ರಲ್ಲಿ ಪ್ರಕಟವಾಗಿ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಆ ವಾದನದಲ್ಲಿ ಕೂಡರ್ ಅವರ ಹದಿನಾಲ್ಕು ವರ್ಷದ ಮಗನೂ ತಾಳವಾದ್ಯ ಹಿಡಿದು ಕುಳಿತಿದ್ದನು. ತಂದೆ ಮಗ ಒಂದೇ ಚಾಪೆಯ ಮೇಲೆ ಕುಳಿತರೆ ಕಲಹಕ್ಕೆ ಜಾಗವೆಲ್ಲಿ?

ಕೇಳುವ ಕಿವಿಯ ವಿಷಯಕ್ಕೆ ಇನ್ನೊಬ್ಬರನ್ನು ನೆನೆಯಬೇಕು. ಫೇಹಿಯ ಸಂಸ್ಥೆಯೇ 1969ರಲ್ಲಿ ಲಿಯೋ ಕಾಟ್ಕಿ ಎಂಬ ತರುಣನ ರೆಕಾರ್ಡನ್ನು ಹೊರತಂದಿತು. ಆರು ತಂತಿ ಮತ್ತು ಹನ್ನೆರಡು ತಂತಿಯ ಗಿಟಾರುಗಳಲ್ಲಿ ಮಿಂಚಿನ ವೇಗದ ವಾದನ ಅದು. ಆ ವಾದಕನ ಎಡಗಿವಿಗೆ ಬಾಲ್ಯದಲ್ಲಿ ಪಟಾಕಿಯಿಂದಲೂ, ಬಲಗಿವಿಗೆ ನೌಕಾದಳದ ಮೀಸಲು ಪಡೆಯಲ್ಲಿದ್ದಾಗ ಗುಂಡಿನ ಸಪ್ಪಳದಿಂದಲೂ ಪೆಟ್ಟಾಗಿತ್ತು. ಮುಂದೆ 1980ರ ದಶಕದಲ್ಲಿ ಕೈಯ ಸ್ನಾಯುರಜ್ಜುಗಳು ನೊಂದು, ಬೆರಳಿಗೆ ಹಾಕಿಕೊಳ್ಳುವ ನಖಿಗಳನ್ನು ಬಿಟ್ಟು, ಬರಿಯ ಬೆರಳಿನಿಂದ ಮೆಲ್ಲಗೆ ನುಡಿಸುವುದನ್ನು ಹೊಸತಾಗಿ ಕಲಿಯಬೇಕಾಯಿತು. ಎರಡು ಕಿವಿಯೂ ಕುಂದಿದವನು ಅಷ್ಟು ಗಮನವಿಟ್ಟು ಕೇಳಿದನು. ಕಿವಿಗಳು ನೆಟ್ಟಗಿದ್ದ ನಾವು ಕೇಳಲಿಲ್ಲ.

ಕೊನೆಯದಾಗಿ ಒಂದು ಸೋಜಿಗ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಅಂತರಿಕ್ಷಕ್ಕೆ ಕಳುಹಿಸಿದರು. ಭೂಮಿಯ ಗುರುತಾಗಿ ಅವುಗಳಲ್ಲಿ ಚಿನ್ನದ ಲೇಪದ ಒಂದೊಂದು ರೆಕಾರ್ಡನ್ನು ಇಟ್ಟರು. ಅದರಲ್ಲಿ ಬ್ಲೈಂಡ್ ವಿಲಿ ಜಾನ್ಸನ್ನನ 1927ರ ಒಂದು ರೆಕಾರ್ಡಿದೆ. ಅದರಲ್ಲಿ ಮಾತೇ ಇಲ್ಲ. ಗಿಟಾರಿನ ಜಾರುಸ್ವರ ಮತ್ತು ಅದಕ್ಕೆ ಹೆಣೆದ ಹೂಂಕಾರ ಮಾತ್ರ. ಅದೇ ತಟ್ಟೆಯಲ್ಲಿ ಭಾರತದಿಂದ ಕೇಸರಬಾಯಿ ಕೇರಕರ ಅವರ ಭೈರವಿಯೂ ಇದೆ. ಕೇಸರಬಾಯಿಯವರು ಅಲ್ಲಾದಿಯಾ ಖಾನ್ ಸಾಹೇಬರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನಸೂರರು ಅದೇ ಖಾನ್ ಸಾಹೇಬರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಕಲಿತವರು. ಒಂದೇ ಜೈಪುರ-ಅತ್ರೌಲಿ ಘರಾಣೆ. ಧಾರವಾಡದಲ್ಲಿ ನಾವು ಕೇಳಿ ಬೆಳೆದ ಗಾಯನದ ದಾಯಾದಿಯೂ, ಫೇಹಿಯ ಕಣ್ಣು ತೆರೆಸಿದ ಅಂಧನ ಗಿಟಾರೂ ಒಂದೇ ತಟ್ಟೆಯಲ್ಲಿ ಕುಳಿತು ನಕ್ಷತ್ರಗಳ ನಡುವೆ ಸಾಗುತ್ತಿವೆ.

ಮನೆಗಳಲ್ಲಿ ಕೇಳುವ ಬಗೆ

ಇಂಥ ವಾದನವನ್ನು ಕೇಳಬಯಸುವ ಕುಟುಂಬಗಳಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ಒಂದು ಸಲಕ್ಕೆ ಒಂದೇ ರಚನೆ ಸಾಕು. ಮೊಬೈಲಿನ ಬಾಯಿಯಿಂದ ಕೇಳದೆ, ಮಂದ್ರ ಸ್ವರ ಕೇಳಿಸುವಂಥ ಸಾಧನದಿಂದ, ಧ್ವನಿಯನ್ನು ಹಿತಮಿತವಾಗಿಟ್ಟು ಕೇಳಿರಿ. ಮೊದಲು ಹೆಬ್ಬೆರಳಿನ ನಡಿಗೆಯನ್ನು ಹಿಂಬಾಲಿಸಿರಿ. ಅದು ಕೈವಶವಾದ ಮೇಲೆ ರಾಗವನ್ನು ಹಿಂಬಾಲಿಸಿರಿ. ಇದರ ಅರ್ಥವೇನೆಂದು ಮಕ್ಕಳನ್ನು ಕೇಳಬೇಡಿರಿ. ಎಲ್ಲಿ ಹಿಡಿಸಿತು ಎಂದು ಕೇಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡನೆಯ ಸಲ ಕೇಳುವ ಮುನ್ನ ತೀರ್ಪು ಕೊಡಬೇಡಿರಿ.

ಆ ರಾತ್ರಿ ಊಟದ ಹೊತ್ತಿಗೆ ತಮ್ಮನ ಮಗ ಕಚೇರಿಯಿಂದ ಬಂದನು. ನಾವು ಹುಡುಗನಿಗೆ ಏನು ಬುದ್ಧಿ ಹೇಳಿದೆವೆಂದು ಕೇಳಿದನು. ಓದಿನ ವೇಳೆ ಓದು ನಡೆಯಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಗಿಟಾರು ಬಾಗಿಲು ಹಾಕಿದ ಕೋಣೆಯಿಂದ ಪಡಸಾಲೆಗೆ ಬರಲಿ, ವಾರಕ್ಕೊಮ್ಮೆ ನೀನೂ ಕುಳಿತು ಕೇಳು ಎಂದೆವು. ತರುವಾಯ ಬುಲ್‌ಬುಲ್ ತರಂಗಿನ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಅವನು ತುತ್ತನ್ನು ಕೈಯಲ್ಲೇ ಹಿಡಿದು ನಮ್ಮ ಮುಖ ನೋಡಿದನು. "ಅಪ್ಪ ಬಾರಿಸ್ತಿದ್ರ, ದೊಡ್ಡಪ್ಪಾ? ನನಗ ಗೊತ್ತs ಇರಲಿಲ್ಲ" ಎಂದನು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೆಳೆದು ಬಾಳಿದ ಮಗನಿಗೆ ತನ್ನ ತಂದೆಯ ಈ ಒಂದು ಮುಖ ಗೊತ್ತಿರಲಿಲ್ಲ. ಅದನ್ನು ಮರೆಮಾಡಿದ ಪರದೆ ನಮ್ಮ ಒಂದು ಮಾತು.

ಊಟವಾದ ಮೇಲೆ ಅವನೇ ಏಣಿ ಹಾಕಿ ಅಟ್ಟವೇರಿದನು. ಹಳೆಯ ಟ್ರಂಕಿನ ಹಿಂದೆ ಅದು ಇತ್ತು. ತಂತಿಗಳು ತುಕ್ಕು ಹಿಡಿದಿದ್ದವು. ಕೆಲವು ಗುಂಡಿಗಳು ಕಚ್ಚಿಕೊಂಡಿದ್ದವು. ಮೊಮ್ಮಗನು ಬಟ್ಟೆಯಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡು, ಉಳಿದಿದ್ದ ಎರಡು ತಂತಿಗಳನ್ನು ಮೆಲ್ಲಗೆ ತಿರುವಿ ತನ್ನ ಗಿಟಾರಿನ ಷಡ್ಜಕ್ಕೆ ಕೂಡಿಸಿದನು. ನಾವು ಯಾವ ತೀರ್ಪನ್ನೂ ಕೊಡಲಿಲ್ಲ. ಕೇಳುತ್ತ ಕುಳಿತೆವು.